ಜೀಪಿನ ಮೂತಿಗೆ ವಿಂಚು ಕೂರಿಸಿದ್ದು

ಜೀಪು ಮೊದಲು ಬಂತೋ, ಲೇತ್ ಮಾರುವ ಮಾತು ಮೊದಲು ಬಂತೋ, ಈಗ ಖಚಿತವಾಗಿ ಹೇಳಲಾರೆ. ನೆನಪಿನಲ್ಲಿ ಎರಡೂ ಒಂದೇ ಬೆಳಿಗ್ಗೆ ನಡೆಯುತ್ತವೆ. ಹಾಗೆ ನಡೆದಿರಲಿಕ್ಕಿಲ್ಲ. ಆದರೆ ಬೇರೆ ಬೇರೆ ಮಾಡಲು ಹೋದರೆ ಎರಡೂ ಕೈಬಿಟ್ಟು ಹೋಗುತ್ತವೆ. ಅದಕ್ಕೆ ಒಂದೇ ಬೆಳಿಗ್ಗೆ ಎಂದೇ ಬರೆಯುತ್ತೇನೆ.

ಆಗಷ್ಟೇ ಊರೂರಿನ ಗುಡ್ಡಗಳ ಮೇಲೆ ಮೊಬೈಲ್ ಟವರುಗಳು ಏಳುತ್ತಿದ್ದ ಕಾಲ. ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ಅಡ್ಡರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ಡು. ಜೀಪು, ಟ್ರಾಕ್ಟರ್ ರಿಪೇರಿ. ಗೋಡೆಗೆ ಗೋಡೆ ಅಂಟಿಕೊಂಡು ಪಕ್ಕದಲ್ಲಿ ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇತ್ ಅಂಗಡಿ. ಅದನ್ನು ನಡೆಸುತ್ತಿದ್ದವಳು ಒಬ್ಬ ಹೆಂಗಸು. ಅಪ್ಪನಿಗೆ ಕೈ ನಡುಕ ಬಂದಾಗ ಅವಳು ಲೇತಿನ ಮುಂದೆ ನಿಂತಳಂತೆ, ಅಪ್ಪ ತೀರಿಕೊಂಡ ಮೇಲೂ ಅಲ್ಲಿಂದ ಕದಲಲಿಲ್ಲ. ಸೀರೆಯ ಮೇಲೆ ಖಾಕಿ ಅಂಗಿ, ಕೂದಲು ಯಂತ್ರಕ್ಕೆ ಸಿಕ್ಕಬಾರದೆಂದು ತಲೆಗೆ ಬಿಗಿದ ಬಟ್ಟೆ. ಬೀದಿಯವರೆಲ್ಲ ಅವಳನ್ನು ಲೇತಕ್ಕ ಎನ್ನುತ್ತಿದ್ದರು. ನಾನು ಏನೂ ಅನ್ನುತ್ತಿರಲಿಲ್ಲ, 'ರೀ' ಎನ್ನುತ್ತಿದ್ದೆ. ನಾನು ಡಿಪ್ಲೊಮಾ ಓದಿದವನೆಂದು ಅವಳು ನನ್ನನ್ನು ಕರೆಯುತ್ತಿದ್ದುದು 'ಡಿಪ್ಲೊಮಾ' ಎಂದು.

ಜೀಪು ತಂದವರು ಬೇಲೂರಿನ ಕಡೆಯ ಒಬ್ಬ ಗುತ್ತಿಗೆದಾರ. ಟವರಿನ ಕಬ್ಬಿಣವನ್ನು ಗುಡ್ಡದ ಮೇಲಕ್ಕೆ ಸಾಗಿಸುವ ಕೆಲಸ ಹಿಡಿದಿದ್ದರು. ಲಾರಿ ಹತ್ತದ ಕಡೆ ಜೀಪು ಹತ್ತಬೇಕು, ಮೇಲೆ ನಿಂತು ಉಕ್ಕಿನ ಹಗ್ಗ ಸುತ್ತುವ ವಿಂಚಿನಿಂದ ಸಾಮಾನು ಎಳೆದುಕೊಳ್ಳಬೇಕು.

"ಬ್ಯಾಟರಿ ವಿಂಚು ಹಾಕ್ಸಿದ್ದೆ ಕಣಪ್ಪಾ. ಅರ್ಧ ಗುಡ್ಡಕ್ಕೆ ಮುಟ್ಟಿದ್ರೆ ಕೈ ಸುಡ್ತದೆ. ಆಮೇಲೆ ಅದರ ಮುಂದೆ ಕೂತು ಬೀಸಣಿಗೆ ಬೀಸ್ಬೇಕು. ನನಗೆ ಬೆಳಗಿಂದ ಸಂಜೆಗಂಟ ಎಳೆಯೋದು ಬೇಕು."

"ಎಣ್ಣೆ ಒತ್ತಡದಲ್ಲಿ ಓಡೋದು ಮಾಡ್ಬಹುದು. ಇಂಜಿನ್ ಓಡ್ತಿರೋವರೆಗೂ ಎಳೀತದೆ," ಎಂದೆ.

"ಮಾಡಿದೀಯಾ ಯಾವತ್ತಾದ್ರೂ?"

"ಇಲ್ಲ."

ಗೋಡೆಯಾಚೆ ಲೇತಿನ ಸದ್ದು ನಿಂತಿತು. "ಮಾಡ್ತೀವಿ ಅನ್ರೀ, ಡಿಪ್ಲೊಮಾ! ಬಾಯಲ್ಲಿ ಏನ್ ಗ್ರೀಸ್ ಇಟ್ಕೊಂಡಿದೀರಾ?"

ಗುತ್ತಿಗೆದಾರರು ಗೋಡೆಯನ್ನೇ ನೋಡಿದರು. "ಗೋಡೆ ಮಾತಾಡ್ತದಲ್ಲಪ್ಪಾ ನಿಮ್ಮೂರಲ್ಲಿ!"

ಅವರ ಬಳಿ ಇಂಥ ಜೀಪು ಇನ್ನೂ ನಾಲ್ಕಿದ್ದವು. ಇದು ಸರಿ ಓಡಿದರೆ ಅವೂ ನಮ್ಮ ಶೆಡ್ಡಿಗೇ ಎಂದರು. ಅವರು ಹೋದ ಮೇಲೆ ಅವಳು ಕೈ ಒರೆಸಿಕೊಳ್ಳುತ್ತಾ ಬಂದು ಜೀಪಿನ ಮೂತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ವಿಷಯ ಹೇಳಿದಳು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಅಣ್ಣ ಲೇತಿಗೆ ಗಿರಾಕಿ ನೋಡಿದ್ದಾನೆ, ಹಾಸನದವರು.

"ಈ ನಾಲ್ಕು ಜೀಪು ಬಂದ್ರೆ ವರ್ಷಕ್ಕಾಗೋಷ್ಟು ಕೆಲಸ ಐತೆ, ಮಾರ್ಬೇಡ ಅಂತ ಅವನ ಮುಂದೆ ಬಾಯಿ ಬಿಡಬಹುದು. ಇಲ್ಲಾಂದ್ರೆ ಲೇತ್ ಹಾಸನಕ್ಕೆ, ನಾನು ತಿಪಟೂರಿಗೆ, ಕೊಬ್ಬರಿ ಆರಿಸೋಕೆ."

ಲೇತ್ ಉಳಿಯಬೇಕು ಎಂಬುದು ಆ ಕ್ಷಣದಿಂದ ನನ್ನ ಆಸೆಯೂ ಆಯಿತು. 'ಲೇತ್' ಎಂದು ಬರೆದಿದ್ದೇನೆ. ಆಗ ನನ್ನೊಳಗೂ ಹಾಗೇ ಅಂದುಕೊಳ್ಳುತ್ತಿದ್ದೆ.

ಮೊದಲು ಚಾಸಿಯ, ಅಂದರೆ ಜೀಪಿನ ಅಡಿಚೌಕಟ್ಟಿನ, ಕೆಲಸ. ಆ ಹಳೆಯ ಮಿಲಿಟರಿ ಜೀಪಿನ ಚಾಸಿಯ ಮುಂದಿನ ಎರಡು ತುದಿಗಳು ಬಂಪರ್ ಹೊರುವುದಕ್ಕೆ ಮಾತ್ರ ಲಾಯಕ್ಕಾಗಿದ್ದವು. ವಿಂಚು ಎಳೆಯುವಾಗ ಭಾರವೆಲ್ಲ ಬೀಳುವುದು ಅಲ್ಲಿಗೇ. ವೆಲ್ಡಿಂಗ್ ಹೊಡೆದರೆ ಬೇಗ ಮುಗಿಯುತ್ತದೆ, ಆದರೆ ಕಾದ ಜಾಗದ ಪಕ್ಕದಲ್ಲೇ ಚಾಸಿ ಮುಂದೊಂದು ದಿನ ಸೀಳುತ್ತದೆ. ಹಾಗಾಗಿ ಎರಡೂ ಕಡೆಗೆ ದಪ್ಪ ಪಟ್ಟಿ ಕೊಟ್ಟು, ತೂತು ಕೊರೆದು, ಬೋಲ್ಟಿನಲ್ಲೇ ಬಿಗಿದೆ. ಅದರ ಮೇಲೆ ಅಡ್ಡಲಾಗಿ ಕಬ್ಬಿಣದ ಚಾನೆಲ್ಲು, ಚಾನೆಲ್ಲಿನ ಮೇಲೆ ಹಗ್ಗ ಸುತ್ತುವ ಡ್ರಮ್ಮು. ಡ್ರಮ್ಮನ್ನು ಅವಳು ದಪ್ಪ ಪೈಪೊಂದನ್ನು ಲೇತಿನಲ್ಲಿ ತಿರುವಿ ಮಾಡಿದಳು. ಅದನ್ನು ತಿರುಗಿಸುವ ಎಣ್ಣೆ ಮೋಟಾರು ಒಂದು ಹಳೇ ಯಂತ್ರದ್ದು. ಮೋಟಾರಿಗೂ ಡ್ರಮ್ಮಿಗೂ ನಡುವೆ ಹಲ್ಲುಚಕ್ರಗಳು. ಮುಂದೆ ತೂಕ ಹೆಚ್ಚಾಗಿ ಜೀಪು ತಲೆ ತಗ್ಗಿಸಿತು. ಮುಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಸೇರಿಸಿ ತಲೆ ಎತ್ತಿಸಿದೆ. ಸೀಟಿನ ಹಿಂದೆ ಎಣ್ಣೆ ತೊಟ್ಟಿ, ಚಾಲಕನ ಬಲಗೈಗೆ ಸಿಗುವಂತೆ ಲಿವರು: ಮುಂದೆ ತಳ್ಳಿದರೆ ಹಗ್ಗ ಬಿಡಬೇಕು, ಹಿಂದೆ ಎಳೆದರೆ ಸುತ್ತಬೇಕು, ನಡುವೆ ತಂದರೆ ನಿಲ್ಲಬೇಕು.

ಎಣ್ಣೆಗೆ ಒತ್ತಡ ಕೊಡುವ ಪಂಪು ಸಿಕ್ಕಿದ್ದು ಮಾದಿಹಳ್ಳಿಯಲ್ಲಿ. ಅಲ್ಲಿ ಅಕ್ಕಿಗಿರಣಿಯೊಂದರ ಹಿಂದೆ ಚಕ್ರವಿಲ್ಲದೆ ಕೂತಿದ್ದ ಟಿಪ್ಪರ್ ಲಾರಿಯದು. ಇಬ್ಬರೂ ಬಸ್ಸಿನಲ್ಲಿ ಹೋಗಿದ್ದೆವು. ಜಾವಗಲ್ ದಾಟಿದ ಮೇಲೆ ಅವಳು ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದಳು. ಹಳೇಬೀಡಿನಲ್ಲಿ ಟೂರಿಸ್ಟ್ ಬಸ್ಸುಗಳು ದಾರಿ ಕಟ್ಟಿ ನಮ್ಮ ಬಸ್ಸು ಬಹಳ ಹೊತ್ತು ನಿಂತಿತು. ಎಲ್ಲರೂ ಬೈಯುತ್ತಿದ್ದರು. ನಾನು ಬೈಯಲಿಲ್ಲ. ಆ ಬಸ್ಸು ಎಷ್ಟು ಹೊತ್ತು ನಿಂತಿತ್ತು ಎಂದು ಈಗ ಯಾರಾದರೂ ಕೇಳಿದರೆ ಒಂದು ಮಧ್ಯಾಹ್ನ ಪೂರ್ತಿ ಎನ್ನುತ್ತೇನೆ. ಸುಳ್ಳಾಗುತ್ತದೆ.

ಪಂಪನ್ನು ಇಂಜಿನ್ನಿನ ಪಕ್ಕಕ್ಕೆ ಕೂರಿಸಿ, ಮುಂದಿನ ಪುಲ್ಲಿಯಿಂದ ಜೋಡಿ ಬೆಲ್ಟ್ ಕೊಟ್ಟೆವು. ಸ್ಟಾರ್ಟ್ ಮಾಡುವ ದಿನ ಅವಳು ಕುಂಕುಮದ ಡಬ್ಬಿ ತಂದಳು. ನಮ್ಮ ಮನೆಯಲ್ಲಿ ಗೋಡೆಗೆ ಬುದ್ಧನ ಪಟ; ಕಬ್ಬಿಣಕ್ಕೆ ಪೂಜೆ ಮಾಡುವ ರೂಢಿ ನಮ್ಮಪ್ಪನ ಕಾಲಕ್ಕೇ ನಿಂತಿತ್ತು. ಆದರೂ "ನೀವೇ ಇಡ್ರೀ, ಕೂರ್ಸಿದೋರು ನೀವು" ಎಂದು ಅವಳು ಡಬ್ಬಿ ಚಾಚಿದಾಗ ಪಂಪಿನ ಹಣೆಗೆ ಬೊಟ್ಟಿಟ್ಟೆ.

ಇಂಜಿನ್ ಶುರುವಾಯಿತು. ಡ್ರಮ್ಮು ಅಲ್ಲಾಡಲಿಲ್ಲ. ನಾನು ಆಕ್ಸಿಲರೇಟರ್ ಒತ್ತಿದೆ. ಪಂಪಿನ ಮೂತಿಯಿಂದ ಎಣ್ಣೆ ತಡೆಯುವ ರಬ್ಬರ್ ಸೀಲು ಪಟ್ ಎಂದು ಹಾರಿ, ಎಣ್ಣೆ ಚಿಲ್ಲೆಂದು ಚಿಮ್ಮಿ, ಬಗ್ಗಿ ನೋಡುತ್ತಿದ್ದ ಅವಳ ಮುಖ, ಅಂಗಿ, ತಲೆಬಟ್ಟೆ ಎಲ್ಲ ಮಿಂದವು.

"ಎಣ್ಣೆ ಸ್ನಾನ ದೀಪಾವಳಿಗೆ ಕಣ್ರೀ! ಈಗಲ್ಲ!"

ಪಂಪು ಇಳಿಸಿ ನೋಡಿದೆವು. ಒಳಗೆ ಏನೂ ಮುರಿದಿರಲಿಲ್ಲ. ಕೊಟ್ಟ ಸೀಲೇ ಕೆಟ್ಟದೆಂದು ಅಂಗಡಿಯವನನ್ನು ಬೈದು ಹೊಸ ಸೀಲು ಹಾಕಿದೆವು. ಅದೂ ಹಾರಿತು. ಆಗ ಅವಳು ಪಂಪಿನ ಮೈಯನ್ನು ಉಳಿಯ ತುದಿಯಿಂದ ಕೆರೆಯತೊಡಗಿದಳು. ಬೆಳ್ಳಿ ಬಣ್ಣ, ಅದರ ಕೆಳಗೆ ಕುಂಕುಮ, ಅದರ ಕೆಳಗೆ ಮತ್ತೆ ಬೆಳ್ಳಿ ಬಣ್ಣ, ಅರಿಶಿನದಂಥದ್ದೇನೋ, ಮತ್ತೆ ಬಣ್ಣ. ಆ ಟಿಪ್ಪರಿನವರು ಪ್ರತಿ ವರ್ಷ ಆಯುಧಪೂಜೆಗೆ ಇಂಜಿನ್ನಿಗೆಲ್ಲ ಬಣ್ಣ ಹೊಡೆದು ಬೊಟ್ಟಿಡುತ್ತಿದ್ದರು. ಅಷ್ಟೂ ವರ್ಷಗಳ ಪೂಜೆಯ ಅಡಿಯಲ್ಲಿ ಎರಕದಲ್ಲೇ ಮೂಡಿಸಿದ ಒಂದು ಬಾಣದ ಗುರುತಿತ್ತು. ಪಂಪು ತಿರುಗಬೇಕಾದ ದಿಕ್ಕು. ನಾವು ತಿರುಗಿಸುತ್ತಿದ್ದುದು ಅದರ ವಿರುದ್ಧಕ್ಕೆ. ಹೊರಗೆ ಹೋಗಬೇಕಾದ ಒತ್ತಡವೆಲ್ಲ ಸೀಲಿನ ಮೇಲೆ ಬೀಳುತ್ತಿತ್ತು. ಬಾಣ ಇದ್ದ ಜಾಗದ ಮೇಲೇ, ಎಲ್ಲಕ್ಕಿಂತ ಹೊಸದಾಗಿ, ನನ್ನ ಬೊಟ್ಟು.

ಅವಳು ನಗತೊಡಗಿದಳು. ಎಣ್ಣೆ ಮುಖದಲ್ಲೇ ನೆಲಕ್ಕೆ ಕೂತು ನಕ್ಕಳು. "ಬುದ್ಧನ್ನ ಬಿಟ್ಟು ಬಂದಿದ್ದಕ್ಕೆ ಶಾಸ್ತಿ ಆಯ್ತು ನೋಡಿ!"

"ಕುಂಕುಮ ತಂದೋರು ಯಾರು?"

"ತಂದೆ. ಇಡೋವಾಗ ಡಿಪ್ಲೊಮಾ ಎಲ್ಲಿಗೆ ಹೋಗಿತ್ತು?"

ಪುಣ್ಯಕ್ಕೆ ಆ ಪಂಪು ಬಿಚ್ಚಿ ಮಗುಚಿ ಜೋಡಿಸಿದರೆ ಇನ್ನೊಂದು ದಿಕ್ಕಿಗೂ ಓಡುವ ಜಾತಿಯದು. ಹಲ್ಲುಚಕ್ರ ಅದಲುಬದಲು ಮಾಡಿ, ಮುಚ್ಚಳ ತಿರುಗಿಸಿ ಕೂರಿಸಿದೆವು. ಡ್ರಮ್ಮು ತಿರುಗಿತು. ಸದ್ದು ಎಷ್ಟು ಕಡಿಮೆಯಿತ್ತೆಂದರೆ ಅವಳು ಡ್ರಮ್ಮಿನ ಮೇಲೆ ಅಂಗೈ ಇಟ್ಟು, ತಿರುಗುತ್ತಿದೆಯೇ ಎಂದು ಮುಟ್ಟಿ ನೋಡಿದಳು.

ಪರೀಕ್ಷೆಗೆ ಜಾವಗಲ್ ರಸ್ತೆಯ ಪಕ್ಕದ ಒಂದು ಇಳಿಜಾರಿಗೆ ಹೋದೆವು. ಗುತ್ತಿಗೆದಾರರು ಬಂದರು. ಅವರ ಡ್ರೈವರು, ಹಗರೆಯವನು, ಟ್ರೈಲರಿಗೆ ಕಲ್ಲು ತುಂಬಿಸಿ ಕೆಳಗೆ ನಿಲ್ಲಿಸಿದ. ನಾನು ಮೇಲೆ ಜೀಪಿನ ಚಕ್ರಗಳಿಗೆ ಕಲ್ಲು ಕೊಟ್ಟು, ಲಿವರ್ ಹಿಂದಕ್ಕೆ ಎಳೆದೆ. ಹಗ್ಗ ಬಿಗಿಯಾಯಿತು. ಟ್ರೈಲರು ಕೂತಲ್ಲಿಂದ ಎದ್ದು, ಹಟವಿಲ್ಲದ ಎಮ್ಮೆಯ ಹಾಗೆ ಹತ್ತಿ ಬಂತು.

"ಬತ್ತೈತೆ! ಬತ್ತೈತೆ ಬುಡು!" ಡ್ರೈವರು ಕೂಗಿದ.

ನಡುದಾರಿಯಲ್ಲಿ ನಿಲ್ಲಿಸಿ ತೋರಿಸು ಎಂದರು ಗುತ್ತಿಗೆದಾರರು. ಲಿವರನ್ನು ನಡುವೆ ತಂದೆ. ಟ್ರೈಲರು ನಿಂತಿತು. ಎಲ್ಲರೂ ನನ್ನನ್ನು ನೋಡಿದರು. ಅವಳು ಮಾತ್ರ ಡ್ರಮ್ಮನ್ನು ನೋಡುತ್ತಿದ್ದಳು. ಡ್ರಮ್ಮು ಬಹಳ ಮೆಲ್ಲಗೆ, ಹಿಂದಕ್ಕೆ ತಿರುಗುತ್ತಿತ್ತು. ಹಳೆಯ ಮೋಟಾರಿನ ಒಳಗೇ ಎಣ್ಣೆ ಸೋರಿ ಭಾರಕ್ಕೆ ದಾರಿ ಬಿಡುತ್ತಿತ್ತು. ನೋಡುತ್ತಿದ್ದಂತೆ ತಿರುಗುವುದು ಜೋರಾಯಿತು. ಡ್ರೈವರು ಪಕ್ಕಕ್ಕೆ ಹಾರಿದ. ಟ್ರೈಲರು ಒಂದು ದಿಣ್ಣೆಗೆ ಹಿಂದಿನ ಚಕ್ರ ಕೊಟ್ಟು ಓರೆಯಾಗಿ ನಿಂತಿತು.

ಗುತ್ತಿಗೆದಾರರಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. "ನಿಲ್ಸೋವಾಗ ಚಕ್ರಕ್ಕೊಂದು ಕಲ್ಲು ಕೊಟ್ರಾಯ್ತು ಬಿಡಪ್ಪಾ. ಎಳೀತಲ್ಲ! ಬಾಣಾವರದ ಆಚೆ ಗುಡ್ಡದಲ್ಲಿ ಸಾಮಾನು ಇಳಿದು ಕೂತದೆ, ಜನ ಕಾಯ್ತವ್ರೆ. ಜೀಪು ಕೊಡು. ಉಳಿದ ನಾಲ್ಕನ್ನೂ ಈ ವಾರ ಕಳಿಸ್ತೀನಿ."

ಕೊಡಬಹುದಿತ್ತು. ನಾಲ್ಕು ಜೀಪು ಎಂಬ ಮಾತು ಎಲ್ಲರ ಎದುರಿಗೆ ಅವರ ಬಾಯಿಂದಲೇ ಬಂದಿತ್ತು. ಅವಳು ಆ ಮಾತನ್ನು ತಿಪಟೂರಿಗೆ ಒಯ್ದು ಅಣ್ಣನ ಮುಂದೆ ಇಟ್ಟರೆ ಮುಗಿಯುತ್ತಿತ್ತು. ನಾನು ಅವಳ ಮುಖ ನೋಡಿದೆ. ಅವಳು ಡ್ರೈವರನ್ನು ಕೇಳಿದಳು:

"ಅಣ್ಣಾ, ಗುಡ್ಡದಲ್ಲಿ ಸಾಮಾನಿನ ಕೆಳಗಡೆ ಯಾರು ಇರ್ತಾರೆ?"

"ನಾವೇಯಾ. ನಮ್ಮ ಹಗರೆಯೋರು. ಹಾರೆ ಸನಿಕೆ ಹಿಡ್ಕೊಂಡು ದಾರಿ ಮಾಡ್ಕೊಂಡು ಬರಬೇಕಲ್ಲವ್ವಾ."

"ಕೊಡಲ್ಲ" ಎಂಬ ಮಾತು ಆಮೇಲೆ ಬಂತು. ಅದನ್ನು ಹೇಳಿದ್ದು ನಾನು ಎಂದು ಬಹಳ ವರ್ಷ ನಂಬಿದ್ದೆ. ನನ್ನ ದನಿಯಲ್ಲೇ ಕೇಳಿಸುತ್ತದೆ. ಆದರೆ ಗುತ್ತಿಗೆದಾರರು ತಿರುಗಿದ್ದು ಅವಳ ಕಡೆಗೆ ಎಂಬುದೂ ಅಷ್ಟೇ ಚೆನ್ನಾಗಿ ನೆನಪಿದೆ.

"ಏನಮ್ಮಾ, ನಿನ್ನ ಒಡವೇನಾ ಅದು, ಕೊಡಲ್ಲ ಅನ್ನೋಕೆ?"

"ಬ್ರೇಕ್ ಹಾಕಿ ಕೊಡ್ತೀವಿ, ಸಾರ್," ಎಂದೆ. ಇದಂತೂ ನಾನೇ ಹೇಳಿದ್ದು. "ಸ್ವಲ್ಪ ದಿನ ಹಿಡೀತದೆ."

"ಹಿಡೀಲಿ. ಈ ಜೀಪು ನಿಮ್ಮತ್ರ ಇರ್ಲಿ, ಅದಕ್ಕೇ ಬೇಕಾದ್ರೆ ಬಂಗಾರದ ಬ್ರೇಕ್ ಮಾಡಿ. ಉಳಿದವು ನಾಳೆನೇ ಹಾಸನಕ್ಕೆ ಹೋಗ್ತವೆ. ಕೆಲಸ ನಿಲ್ಸಿ ಕೂರಕ್ಕಾಗಲ್ಲ ನನಗೆ."

ವಾಪಸು ಬರುವಾಗ ಜೀಪಿನಲ್ಲಿ ಇಬ್ಬರೇ. ಅರಸೀಕೆರೆಯ ತೆಂಗಿನ ತೋಟಗಳು ಶುರುವಾದ ಮೇಲೆ, "ಬ್ರೇಕಿಗೆ ಪಿಸ್ಟನ್ ಎಷ್ಟು ದಪ್ಪ ಬೇಕು?" ಎಂದು ಕೇಳಿದಳು.

ನಾಲ್ಕು ಜೀಪು ಹೋಗಿದ್ದವು, ಲೇತ್ ಹೋಗುವುದು ಖಾತ್ರಿಯಾಗಿತ್ತು. ಆದರೂ ಆ ಬ್ರೇಕ್ ಮಾಡಿದ ದಿನಗಳಿಗೇ ಮನಸ್ಸು ಈಗಲೂ ಓಡಿ ಹೋಗಿ ನಿಲ್ಲುವುದು. ಬ್ರೇಕಿನ ಉಪಾಯ ಸರಳ. ಸ್ಪ್ರಿಂಗು ಯಾವಾಗಲೂ ಡ್ರಮ್ಮನ್ನು ಒತ್ತಿ ಹಿಡಿದಿರಬೇಕು. ಲಿವರ್ ಆಡಿಸಿದಾಗ ಎಣ್ಣೆಯ ಒತ್ತಡ ಒಂದು ಪಿಸ್ಟನ್ನನ್ನು ತಳ್ಳಿ ಸ್ಪ್ರಿಂಗನ್ನು ಹಿಂದೆ ಸರಿಸಬೇಕು. ಒತ್ತಡ ನಿಂತರೆ, ಪೈಪೇ ಒಡೆದು ಹೋದರೂ, ಸ್ಪ್ರಿಂಗು ತಾನಾಗಿ ಹಿಡಿಯಬೇಕು. ಹೇಳಲು ಇಷ್ಟೇ. ಪಿಸ್ಟನ್ನು ಅದರ ಕೊಳವೆಯೊಳಗೆ ಎಣ್ಣೆ ಸೋರದಷ್ಟು ಬಿಗಿಯಾಗಿರಬೇಕು, ಸಿಕ್ಕಿಕೊಳ್ಳದಷ್ಟು ಸಡಿಲವಾಗಿರಬೇಕು. ಮೊದಲನೆಯದು ಸಿಕ್ಕಿಕೊಂಡಿತು. ಎರಡನೆಯದನ್ನು ಅವಳು ಒಂದು ಕೂದಲಿನಷ್ಟು ಹೆಚ್ಚು ಕಡೆದುಬಿಟ್ಟಳು. ಅವಳೇ ಅದನ್ನು ರಸ್ತೆಗೆ ಎಸೆದು ಬಂದಳು. ಮೂರನೆಯದಕ್ಕೆ ಕೂರುವಾಗ ಕರೆಂಟು ಹೋಯಿತು.

ಕರೆಂಟು ಆಗೆಲ್ಲ ಹಾಗೇ ಹೋಗುತ್ತಿತ್ತು. ಮೋಟಾರು ಓಡಿಸುವ ತ್ರೀ ಫೇಸ್ ಬಂದಾಗ ಬಂತು. ನಾವು ಲೇತಿನ ಅಂಗಡಿಯ ಹೊಸ್ತಿಲಲ್ಲಿ ಕೂತು ಕಾಯುತ್ತಿದ್ದೆವು. ಅವಳು ಒಳಗಿನ ಕಡೆ, ನಾನು ಹೊರಗಿನ ಕಡೆ. ನಾನು ಆ ಹೊಸ್ತಿಲು ದಾಟಿದ್ದು ಕೆಲಸವಿದ್ದಾಗ ಮಾತ್ರ. ಅವಳ ಅಣ್ಣ ಬಂದಾಗ ಬೀದಿಯಲ್ಲೇ ನಿಂತು ಮಾತಾಡುತ್ತಿದ್ದೆ. ಹಾಗೆ ನಿಲ್ಲು ಎಂದು ಯಾರೂ ಹೇಳಿರಲಿಲ್ಲ.

"ಕೊಬ್ಬರಿ ಆರಿಸೋದು ಕಷ್ಟವೇನ್ರೀ?" ಒಮ್ಮೆ ಕೇಳಿದೆ.

"ಕಣ್ಣಿದ್ರೆ ಸಾಕು. ಒಳ್ಳೇದು ಈ ಕಡೆ, ಹುಳುಕು ಆ ಕಡೆ. ನಿಮ್ಮನ್ನ ಆರ್ಸಿದ್ರೆ ಯಾವ ಕಡೆ ಹಾಕೋದು ಅಂತ ಯೋಚ್ನೆ ಮಾಡ್ತಿದೀನಿ."

"ಯಾವ ಕಡೆ?"

ಅವಳು ಏನೋ ಹೇಳಿದಳು. ಅಷ್ಟರಲ್ಲಿ ಗೂಡ್ಸ್ ರೈಲು ಬಂತು. ಅಥವಾ ಕರೆಂಟು ಬಂದು ಲೇತು ಗುಂಯ್ ಎಂದಿತು. ನಾನು ಅವಳ ಉತ್ತರವನ್ನು ಒಂದೊಂದು ಸಲ ಒಂದೊಂದು ರೀತಿ ಬರೆದು ಹೊಡೆದುಹಾಕಿದ್ದೇನೆ. ಇಲ್ಲಿ ಬರೆಯುವುದಿಲ್ಲ.

ಮೂರನೆಯ ಪಿಸ್ಟನ್ನು ಕೊಳವೆಯೊಳಗೆ ತನ್ನ ತೂಕಕ್ಕೇ ಮೆಲ್ಲಗೆ ಇಳಿಯಿತು. ಅವಳು ಅದನ್ನು ಮತ್ತೆ ಮತ್ತೆ ಎತ್ತಿ ಇಳಿಬಿಟ್ಟಳು. ನಾನೂ ಬಿಟ್ಟು ನೋಡಿದೆ. ಸರಿಯಾಗಿತ್ತು. ಸರಿಯಾಗಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಇನ್ನೊಂದು ಮಾಡಿದರೆ ಹೇಗೆ ಎಂದೆ. "ಯಾಕೆ, ಇದಕ್ಕೇನಾಗಿದೆ?" ಎಂದಳು. ಅದಕ್ಕೇನೂ ಆಗಿರಲಿಲ್ಲ.

ಡ್ರಮ್ಮನ್ನು ಉಜ್ಜಿ ಹಿಡಿಯಲು ಲಾರಿ ಬ್ರೇಕಿನ ಲೈನಿಂಗ್ ಪಟ್ಟಿ ಕತ್ತರಿಸಿ ಅಂಟಿಸಿದೆವು. ಇಳಿಸುವಾಗ ಭಾರ ಓಡದಂತೆ ಎಣ್ಣೆ ಹೊರಬರುವ ದಾರಿಗೆ ಸಣ್ಣ ತೂತಿನ ಪ್ಲಗ್ಗು ಹಾಕಿದೆವು. ಅದನ್ನೂ ಅವಳೇ ತಿರುವಿದಳು. ಮತ್ತೆ ಅದೇ ಇಳಿಜಾರು, ಅದೇ ಕಲ್ಲಿನ ಟ್ರೈಲರು. ಲಿವರ್ ನಡುವೆ ತಂದಾಗ ಬ್ರೇಕು ಟಕ್ ಎಂದಿತು. ನಾವು ಜೀಪಿನ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡೆವು. ಉಂಡು ಕೈ ತೊಳೆದು ಬಂದು ನೋಡಿದರೆ ಟ್ರೈಲರು ಬಿಟ್ಟಲ್ಲೇ ಇತ್ತು.

ಬಾಣಾವರದ ಗುಡ್ಡಕ್ಕೆ ಆ ಜೀಪು ಹೋಯಿತು. ಹಗರೆಯ ಡ್ರೈವರು ಒಂದು ಸಂತೆಯ ದಿನ ಸಿಕ್ಕವನು, "ಕೆಳಗೆ ನಿಂತು ಬೀಡಿ ಸೇದೋವಷ್ಟು ಧೈರ್ಯ ಐತೆ ಕಣಣ್ಣ ಈಗ" ಎಂದ. ಗುತ್ತಿಗೆದಾರರೂ ಒಪ್ಪಿಕೊಂಡರು, ಹಾಸನದವರು ಕೂರಿಸಿದ್ದಕ್ಕೆ ಇಂಥ ಬ್ರೇಕಿಲ್ಲ ಎಂದರು. ಆದರೆ ಆ ಹೊತ್ತಿಗೆ ನಾಲ್ಕೂ ಅಲ್ಲಿ ಮುಗಿದಿದ್ದವು. ನಾವು ಜಗಳವಾಡಲಿಲ್ಲ.

ಲೇತ್ ಒಯ್ಯಲು ಲಾರಿ ಬಂದ ಬೆಳಿಗ್ಗೆ ಆ ಜೀಪು ನನ್ನ ಶೆಡ್ಡಿನಲ್ಲಿತ್ತು, ಎಣ್ಣೆ ಬದಲಾಯಿಸಲು ಬಂದಿತ್ತು. ಬರೆಯುವಾಗ ಇದು ತೀರಾ ಹೊಂದಿಕೊಂಡು ಬಂತಲ್ಲ ಎನ್ನಿಸುತ್ತದೆ. ಆದರೆ ಇತ್ತು, ಡ್ರೈವರು ಅಲ್ಲೇ ಚಹಾ ಕುಡಿಯುತ್ತಾ ನಿಂತಿದ್ದ. ಕೂಲಿಯವರು ಲೇತನ್ನು ಹಾರೆ ಕೊಟ್ಟು, ಪೈಪುಗಳ ಮೇಲೆ ಉರುಳಿಸಿಕೊಂಡು ಬೀದಿಯವರೆಗೆ ತಂದರು. ಲಾರಿಗೆ ಹತ್ತಿಸಲು ದಪ್ಪ ಹಲಗೆ ಹಾಕಿದರೂ ಅದು ಮೇಲೇಳಲಿಲ್ಲ. ಅವಳ ಅಣ್ಣ ಮೈಯೆಲ್ಲ ಬೆವರಿ ನನ್ನ ಶೆಡ್ಡಿನ ಕಡೆ ನೋಡಿದರು.

"ಆ ಜೀಪು ಎಳೀತದಂತಲ್ಲ? ಸ್ವಲ್ಪ ಸಹಾಯ ಮಾಡ್ರಪ್ಪಾ."

ಲಾರಿಯ ತೊಟ್ಟಿಯ ಮುಂತುದಿಗೆ ರಾಟೆ ಕಟ್ಟಿ, ಜೀಪಿನ ಹಗ್ಗವನ್ನು ಅದರಲ್ಲಿ ತಿರುಗಿಸಿ ತಂದು ಲೇತಿನ ಬುಡಕ್ಕೆ ಬಿಗಿದೆ. ಜೀಪಿಗೆ ಹತ್ತಿ ಲಿವರ್ ಹಿಡಿದೆ. ಅವಳು ಹಲಗೆಯ ಪಕ್ಕದಲ್ಲಿ, ಲೇತಿನ ತಲೆಯ ಮೇಲೆ ಒಂದು ಕೈ ಇಟ್ಟುಕೊಂಡು ನಿಂತಿದ್ದಳು. ದೂರ ನಿಲ್ಲಿ ಎಂದೆ. ನಿಲ್ಲಲಿಲ್ಲ. ಅವತ್ತು ಖಾಕಿ ಅಂಗಿ ಇರಲಿಲ್ಲ. ಬಟ್ಟೆ ಕಟ್ಟದ ಅವಳ ತಲೆಯನ್ನು ಬಿಸಿಲಲ್ಲಿ ನೋಡಿದ್ದು ಅದೇ ಮೊದಲು.

ಲಿವರ್ ಎಳೆದೆ. ಲೇತು ಹಲಗೆ ಹತ್ತಿತು. ಹಲಗೆ ಬಾಗಿ ನರಳಿತು. ಅರ್ಧದಲ್ಲಿ, ಲೇತು ಬೀದಿಗೂ ಸೇರದೆ ಲಾರಿಗೂ ಸೇರದೆ ಇದ್ದ ಕಡೆ, ನನ್ನ ಕೈ ಲಿವರನ್ನು ನಡುವೆ ತಂದಿತು. ಬ್ರೇಕು ಟಕ್ ಎಂದಿತು.

"ಏನಾಯ್ತ್ರೀ?" ಅಣ್ಣ ಕೂಗಿದರು.

"ಹಗ್ಗ ನೋಡ್ತಿದೀನಿ," ಎಂದೆ. ಹಗ್ಗ ಚೆನ್ನಾಗಿಯೇ ಇತ್ತು.

ಇಂಜಿನ್ ಓಡುತ್ತಲೇ ಇತ್ತು. ಅಷ್ಟು ದೊಡ್ಡ ಕಬ್ಬಿಣ ಓರೆ ಹಲಗೆಯ ಮೇಲೆ ಒಂದು ದಾರದಷ್ಟೂ ಜಾರದೆ ನಿಂತಿತ್ತು. ಅವಳು ಅಲ್ಲಿಂದ ಜೀಪಿನ ಮೂತಿಯವರೆಗೆ ನಡೆದು ಬಂದು, ಬಗ್ಗಿ ಬ್ರೇಕನ್ನು ನೋಡಿದಳು. ಆಮೇಲೆ ನನ್ನನ್ನು.

"ಹಿಡ್ಕೊಂಡೈತೆ," ಎಂದಳು.

"ಹೂಂ."

"ಎಷ್ಟೊತ್ತು ಬೇಕಾದ್ರೂ ಹಿಡ್ಕೊಂಡಿರ್ತದೆ ಅದು." ಅವಳು ತಿರುಗಿ ಲೇತಿನ ಕಡೆ ಹೋಗಿ ಮತ್ತೆ ಅದರ ಮೇಲೆ ಕೈ ಇಟ್ಟಳು. "ಎಳೀರಿ."

ಎಳೆದೆ.